ಅಪ್ಪನ ಒಂಟಿ ಸೀನು

ನಮ್ಮ ಬೀದಿಯಲ್ಲಿ ಅಪ್ಪ ಸೀನಿ ಮುಗಿಸುವವರೆಗೆ ಯಾರೂ ಊರು ಬಿಟ್ಟು ಹೊರಡುತ್ತಿರಲಿಲ್ಲ. ಸುಳ್ಳಲ್ಲ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ಆತುಕೊಂಡಿದ್ದವು, ಒಂದು ಮನೆಯ ಒಗ್ಗರಣೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅಪ್ಪ ಬೆಳಿಗ್ಗೆ ಮುಖ ತೊಳೆದು, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆದನೆಂದರೆ ಸರಿ, ಸೂರಿನ ಗುಬ್ಬಿಗಳೆಲ್ಲ ಹಾರಿಹೋಗುವಂಥ ಒಂದು ಸೀನು. ಒಂದೇ! ಅದೇ ಬಂದ ತಾಪತ್ರಯ. ಬೆನ್ನಿಗೇ ಎರಡನೆಯದು ಬಂದರೆ ಶುಭ, ಒಂಟಿಯಾಗಿ ಬಂದರೆ ಅಪಶಕುನ. ಸಂತೆಗೆ ಹೊರಟವರು ಗಂಟು ಇಳಿಸಿ, ಒಳಗೆ ಬಂದು ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅವರು ಹೊಸಿಲು ದಾಟುವ ಹೊತ್ತಿಗೆ ಅಪ್ಪ ಇನ್ನೊಂದು ಸಲ ಸೀನುತ್ತಿದ್ದ. ಅಷ್ಟು ತಡವಾಗಿ ಬಂದದ್ದು ಜೋಡಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಅದು ಮತ್ತೊಂದು ಒಂಟಿ ಸೀನು.

ಈಗಿನ ಡಾಕ್ಟರುಗಳು ಇದಕ್ಕೆ ಅಲರ್ಜಿ ಅನ್ನುತ್ತಾರೆ. ಆಗ ನಮ್ಮ ಕಡೆ ಆ ಮಾತು ಯಾರ ಬಾಯಲ್ಲೂ ಇರಲಿಲ್ಲ. ಅವ್ವ ನೆಗಡಿ ಅನ್ನುತ್ತಿದ್ದಳು, ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಹಾಳು ಮೂಗು ಅನ್ನುತ್ತಿದ್ದಳು.

ಆ ಹಾಳು ಮೂಗಿನಿಂದ ಕೆಟ್ಟದ್ದು ನನ್ನ ಮದುವೆ. ನನಗೆ ಗಂಡು ನೋಡಲು ಅಪ್ಪ ಹೊರಟಾಗಲೆಲ್ಲ ಬಾಗಿಲಲ್ಲೇ ಸೀನುತ್ತಿದ್ದ, ಅಜ್ಜಿ ತಿರುಗಿ ಕರೆಯುತ್ತಿದ್ದಳು, ಅಷ್ಟರಲ್ಲಿ ಆ ಗಂಡಿಗೆ ಇನ್ನೆಲ್ಲೋ ಹೆಣ್ಣು ಗೊತ್ತಾಗುತ್ತಿತ್ತು. ಆ ಕಾಲದ ಲೆಕ್ಕದಲ್ಲಿ ನನ್ನ ವಯಸ್ಸು ಮೀರಿಯೇ ಹೋಗಿತ್ತು. ಕೊನೆಗೆ ರಾಯದುರ್ಗದ ನೇಕಾರರೊಬ್ಬರು ತಾವೇ ನಮ್ಮ ಬಾಗಿಲಿಗೆ ಬಂದರು. ಹುಡುಗ ಒಪ್ಪಿದ, ನಾನೂ ಬಾಗಿಲ ಸಂದಿಯಿಂದ ನೋಡಿ ಒಪ್ಪಿದೆ. ಹುಡುಗನ ತಾಯಿ ಮಾತ್ರ ನನಗೆ ನಡುಕ ಹುಟ್ಟಿಸಿದರು. ಎತ್ತರದ ಹೆಂಗಸು, ನಗುವಿಲ್ಲ, ತೆಲುಗಿನಲ್ಲಿ ಒಂದು ಮಾತು ಆಡಿದರೆ ಅವರ ಕಡೆಯ ಗಂಡಸರೆಲ್ಲ ಸುಮ್ಮನಾಗುತ್ತಿದ್ದರು. ಅವರ ಮುಂದೆ ಸೀನಬಾರದೆಂದು ಅಪ್ಪ ಅವತ್ತು ಬಾಯಿಗೆ ಟವಲು ಒತ್ತಿಕೊಂಡು ಮತ್ತೆ ಮತ್ತೆ ಹಿತ್ತಲಿಗೆ ಓಡಿದ. ಎಮ್ಮೆಗೆ ನೀರು ಕುಡಿಸಬೇಕು ಅಂತ ನೆಪ. ಪಾಪ, ಆ ಎಮ್ಮೆ ಜನ್ಮದಲ್ಲಿ ಅಷ್ಟು ನೀರು ಕುಡಿದಿರಲಿಲ್ಲ.

ಅವರು ಹೋದ ಮೇಲೆ ಅಜ್ಜಿ ಅಪ್ಪನ ಕಡೆ ತಿರುಗಿ ತೀರ್ಪು ಕೊಟ್ಟಳು.

"ಧಾರೆ ನಿನ್ ತಮ್ಮ ಎರೀಲಿ. ನೀನು ಒಳಗೆ ಇರು. ತಾಳಿ ಹೊತ್ನಾಗ ಒಂದು ಸೀನು ಬಿತ್ತು ಅಂದ್ರೆ ರಾಯದುರ್ಗದೋರು ಹಸೆಯಿಂದ್ಲೇ ಎದ್ದು ಹೋಗ್ತಾರೆ."

ಅಪ್ಪ ತಲೆ ಬಗ್ಗಿಸಿ "ಆಗ್ಲಿ" ಅಂದ. ಅಷ್ಟು ಮೆತ್ತಗಿನ ಮನುಷ್ಯ. ಅಪ್ಪನಿಗೆ ಮೂಗಿನ ತುದಿಯಲ್ಲಿ ಸೀನು, ನನಗೆ ಮೂಗಿನ ತುದಿಯಲ್ಲಿ ಕೋಪ. ನೂಲು ಸುತ್ತುತ್ತಿದ್ದ ರಾಟೆಯನ್ನು ಪಕ್ಕಕ್ಕೆ ನೂಕಿ ಎದ್ದೆ. "ಅಪ್ಪ ಧಾರೆ ಎರೀದಿದ್ರೆ ನಾನು ಹಸೆ ಮ್ಯಾಲೆ ಕೂರಂಗಿಲ್ಲ. ಚಿಕ್ಕಪ್ಪನ ಮಗಳ್ನೇ ಕೂರಿಸ್ಕೊಳ್ರಿ," ಎಂದು ಕೂಗಿದೆ. ಅವ್ವ ನನ್ನ ಬಾಯಿ ಮುಚ್ಚಲು ಬಂದಳು. ಅಜ್ಜಿ, "ಹಂಗಾದ್ರೆ ಮದ್ವೆ ಬರೋದ್ರೊಳಗೆ ಸೀನು ನಿಲ್ಸು. ನಿಂತ್ರೆ ನಿಮ್ಮಪ್ಪನೇ ಎರೀಲಿ," ಅಂದಳು. ನನಗೆ ಅಷ್ಟು ಸಾಕಿತ್ತು.

ಮೊದಲು ಅಪ್ಪನನ್ನು ಹೊರಡಿಸಿಕೊಂಡು ಊರಿನ ಸರ್ಕಾರಿ ದವಾಖಾನೆಗೆ ಹೋದೆ. ಡಾಕ್ಟರು ಸಣ್ಣ ವಯಸ್ಸಿನವರು, ಮಾತು ಕಡಿಮೆ, ಗಡಿಬಿಡಿ ಜಾಸ್ತಿ. ಅಪ್ಪನ ಮೂಗಿನೊಳಗೆ ಇಣುಕಿ ನೋಡಿ, ಕಸುಬು ಏನೆಂದು ಕೇಳಿ, ಕಹಿ ಮಿಕ್ಸ್ಚರಿನ ಸೀಸೆ ಕೊಟ್ಟರು. ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು, ನೀಲಗಿರಿ ಎಣ್ಣೆ ಹಾಕಿದ ಬಟ್ಟೆ ಮೂಸಬೇಕು. "ಇದೆಲ್ಲ ಅಷ್ಟಕ್ಕಷ್ಟೇ. ರೇಷ್ಮೆಯ ಧೂಳು ನಿಮಗೆ ಆಗ್ತಾ ಇಲ್ಲ. ಮಗ್ಗ ಬಿಟ್ಟು ದೂರ ಇರಿ, ತಾನಾಗೇ ನಿಲ್ಲುತ್ತೆ," ಎಂದರು.

"ಮಗಳ ಮದ್ವೆ ಸೀರೆ ಮಗ್ಗದ ಮ್ಯಾಲೆ ಐತೆ ಸ್ವಾಮಿ. ಹೆಂಗ್ ಬಿಡ್ಲಿ?" ಅಂದ ಅಪ್ಪ. ಡಾಕ್ಟರು ಭುಜ ಹಾರಿಸಿ ಮುಂದಿನವರನ್ನು ಕರೆದರು.

ಮಿಕ್ಸ್ಚರು ಕುಡಿದು ಅಪ್ಪ ತೂಕಡಿಸಿದ, ತೂಕಡಿಸುತ್ತಲೇ ಸೀನಿದ. ಮನೆಯೆಲ್ಲ ನೀಲಗಿರಿ ಎಣ್ಣೆಯ ವಾಸನೆ. ಅಷ್ಟರಲ್ಲಿ ನೂಲು ತರುವ ವ್ಯಾಪಾರಿಯೊಬ್ಬ ಚಳ್ಳಕೆರೆಯ ಶಿರಸ್ತೇದಾರರ ಸುದ್ದಿ ಹೇಳಿದ. ಕೆಲಸದಿಂದ ನಿವೃತ್ತರಾದ ಮೇಲೆ ಅವರು ಹೋಮಿಯೋಪತಿ ಎಂಬ ಹೊಸ ವೈದ್ಯ ಕಲಿತಿದ್ದಾರಂತೆ, ಸಾಸಿವೆಯಷ್ಟು ಸಕ್ಕರೆ ಗುಂಡು ಕೊಡುತ್ತಾರಂತೆ, ಕಾಸು ಮುಟ್ಟುವುದಿಲ್ಲವಂತೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಪ್ಪನಿಗೆ ಹೇಗೂ ಚಳ್ಳಕೆರೆಗೆ ಸೀರೆ ಒಯ್ಯುವುದಿತ್ತು, ಹಟ ಮಾಡಿ ನಾನೂ ಅವ್ವನೂ ಗಾಡಿ ಹತ್ತಿದೆವು. ಗಾಡಿ ಇನ್ನೂ ಅಲುಗಿರಲಿಲ್ಲ, ಅಪ್ಪ ಸೀನಿದ. ಒಂದು. ಅಜ್ಜಿ ಎಲ್ಲರನ್ನೂ ಇಳಿಸಿದಳು. ನೀರು ಕುಡಿದು ಹತ್ತಿದೆವು. ಮತ್ತೆ ಸೀನಿದ, ಮತ್ತೆ ಇಳಿದೆವು. ಸೀನಿಗೆ ಔಷಧ ತರಲು ಹೊರಟವರನ್ನು ಸೀನೇ ಮನೆಯಲ್ಲಿ ಕೂರಿಸಿಬಿಟ್ಟಿತ್ತು! ಕೊನೆಗೆ ಎತ್ತುಗಳಿಗೇ ಬೇಸರವಾಗಿ ಹೊರಟವೋ ಏನೋ. ಬಿ.ಜಿ. ಕೆರೆ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

ಶಿರಸ್ತೇದಾರರು ಜಗುಲಿಯ ಮೇಲೆ ಮರದ ಪೆಟ್ಟಿಗೆ ತೆರೆದಿಟ್ಟು ಕೂತಿದ್ದರು. ಅದರೊಳಗೆ ಬೆರಳುದ್ದದ ಸೀಸೆಗಳು ಸಾಲಾಗಿ ನಿಂತಿದ್ದವು. ಆ ಮನುಷ್ಯ ಕೇಳಿದ ಪ್ರಶ್ನೆಗಳೋ! ಯಾವ ಹೊಳ್ಳೆ ಮೊದಲು ಸೋರುತ್ತೆ, ಯಾವ ಮಗ್ಗುಲಿಗೆ ಮಲಗ್ತೀರಿ, ಕನಸಿನಲ್ಲಿ ನೀರು ಕಾಣ್ತದಾ, ಸಿಟ್ಟು ಬಂದರೆ ಆಡಿ ತೀರಿಸ್ತೀರಾ ನುಂಗ್ತೀರಾ. ಅಪ್ಪ ಮೊದಮೊದಲು ನಾಚಿದ, ಆಮೇಲೆ ಅರಳಿದ. ನುಂಗುತ್ತೇನೆ ಎಂದು ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. "ನನ್ನ ಮದ್ವೆಗೂ ನನ್ನ ಯಾರೂ ಇಷ್ಟು ಕೇಳಿರ್ಲಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದ.

"ಸೀನು ಒಂದೊಂದಾಗಿ ಬರುತ್ತೋ, ಜೋಡಿಯಾಗಿಯೋ?" ಎಂದರು ಶಿರಸ್ತೇದಾರರು.

"ಒಂದೇ ಬರ್ತೈತೆ ಸ್ವಾಮಿ. ನಿಲ್ಸೋಕೆ ಆಗ್ದಿದ್ರೆ ಬ್ಯಾಡ, ಎರಡು ಬರಂಗೆ ಮಾಡಿಕೊಟ್ರೂ ಸಾಕು," ಎಂದು ಅಪ್ಪ ಕೈ ಮುಗಿದ.

ಅವರು ನಕ್ಕು, ಈರುಳ್ಳಿಯಿಂದ ಮಾಡಿದ ಔಷಧ ಕೊಟ್ಟರು. ಈರುಳ್ಳಿ ಹೆಚ್ಚಿದರೆ ಮೂಗು ಸೋರುತ್ತದಲ್ಲ, ಹಾಗಾಗಿ ಮೂಗು ಸೋರುವವನಿಗೆ ಈರುಳ್ಳಿಯದೇ ಔಷಧ, ಅದೂ ಕಾಣದಷ್ಟು ಕಡಿಮೆ ಪ್ರಮಾಣದಲ್ಲಿ. ಸಮಕ್ಕೆ ಸಮವೇ ಮದ್ದು, ಇದೇ ಶಾಸ್ತ್ರ. ಪಥ್ಯ ಮಾತ್ರ ಕಟ್ಟುನಿಟ್ಟು. ಘಾಟು ವಾಸನೆ ತಾಗಿದರೆ ಗುಂಡಿನ ಶಕ್ತಿ ಹೋಗುತ್ತದೆ. ಆದ್ದರಿಂದ ಮನೆಯಲ್ಲಿ ಇಂಗು, ಬೆಳ್ಳುಳ್ಳಿ, ಕರ್ಪೂರ, ನಶ್ಯ, ನೀಲಗಿರಿ ಎಣ್ಣೆ ಯಾವುದೂ ಇರಕೂಡದು. ಈರುಳ್ಳಿಯೂ!

ಸೀರೆಯ ಗಂಟನ್ನು ಅಂಗಡಿಗೆ ಹಾಕಿ, ಹಣ ಕೈಸೇರುವವರೆಗೆ ಚಳ್ಳಕೆರೆಯಲ್ಲೇ ಪರಿಚಯದವರ ಮನೆಯಲ್ಲಿ ಉಳಿದೆವು. ಅಪ್ಪ ದಿನಾ ಗುಂಡು ಚೀಪಿದ. ಸೀನಲಿಲ್ಲ! ಬೆಳಿಗ್ಗೆ ನಾನು ಅವನ ಮುಖವನ್ನೇ ನೋಡುತ್ತ ಉಸಿರು ಹಿಡಿದು ಕೂರುತ್ತಿದ್ದೆ. ಸೀನು ಬರಲೇ ಇಲ್ಲ. ನನಗೆ ಆದ ಸಂತೋಷಕ್ಕೆ ಆ ಊರಿನ ನಾಯಿಗಳನ್ನೂ ಮಾತಾಡಿಸಿದೆ. ನನ್ನಿವಾಳದಿಂದ ಬಂದಿದ್ದ ಅಪರಿಚಿತ ಹೆಂಗಸೊಬ್ಬಳಿಗೆ ಇಡೀ ಕತೆ ಹೇಳಿ, ಅವಳ ಮಗುವಿನ ಕೆಮ್ಮಿಗೂ ಶಿರಸ್ತೇದಾರರ ಮನೆ ತೋರಿಸಿದೆ.

ಊರಿಗೆ ಬಂದು ಅಜ್ಜಿಗೆ ಹೇಳಿದಾಗ ಅವಳು ಜಟಿಂಗ ರಾಮೇಶ್ವರನ ಬೆಟ್ಟದ ದಿಕ್ಕಿಗೆ ಕೈ ಮುಗಿದಳು. ಪಥ್ಯ ಕೇಳಿ ಮುಗಿದ ಕೈಯನ್ನು ಸೊಂಟಕ್ಕೆ ಕೊಟ್ಟಳು. "ಈರುಳ್ಳಿ ಔಷ್ಧ ತಿಂತಾ ಈರುಳ್ಳಿ ತಿನ್ಬಾರ್ದಾ? ಯಾವ ಊರಿನ ನ್ಯಾಯ ಲೇ ಇದು?" ಅವಳ ನಿಜವಾದ ಸಂಕಟ ನಶ್ಯದ್ದು. ಅವಳ ನಶ್ಯದ ಡಬ್ಬಿಯನ್ನು ನಾನೇ ಕಿತ್ತುಕೊಂಡು ಪಕ್ಕದ ಮನೆಗೆ ಕೊಟ್ಟು ಬಂದೆ. ಒಗ್ಗರಣೆಯಿಲ್ಲದ ಸಾರು, ನಶ್ಯವಿಲ್ಲದ ಅಜ್ಜಿ, ಯಾವುದು ಹೆಚ್ಚು ಸಪ್ಪಗಿತ್ತೆಂದು ಹೇಳುವುದು ಕಷ್ಟ.

ಮಾರನೆಯ ದಿನ ಅಪ್ಪ ಮಗ್ಗಕ್ಕೆ ಇಳಿದ. ಲಾಳಿ ಎಸೆದ. ಸೀನಿದ.

ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ದವಾಖಾನೆಯ ಡಾಕ್ಟರಿಗೆ ಸುದ್ದಿ ಗೊತ್ತಾಗಿ, "ಚಳ್ಳಕೆರೆಯಲ್ಲಿ ಮಗ್ಗ ಇತ್ತೇನಮ್ಮ?" ಎಂದಷ್ಟೇ ಕೇಳಿದರು. ಶಿರಸ್ತೇದಾರರು ಮಾತ್ರ, ಗುಂಡಿನ ಶಕ್ತಿಯನ್ನು ಮನೆಯಲ್ಲಿ ಉಳಿದಿದ್ದ ನೀಲಗಿರಿ ವಾಸನೆ ಕೆಡಿಸಿದೆ ಎಂದು ಹೇಳಿ ಕಳಿಸಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರ ಮಾತನ್ನೂ ಬಿಡಲು ಧೈರ್ಯವಿರಲಿಲ್ಲ. ಗುಂಡು ಚೀಪಿಸಿದೆ, ಪಥ್ಯ ನಡೆಸಿದೆ. ಸೀರೆ ಮಗ್ಗದಿಂದ ಇಳಿದ ಕೂಡಲೇ ಮಗ್ಗದ ಕೋಣೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಸೆರಗಿಗೆ ಕಟ್ಟಿಕೊಂಡೆ. ಮದುವೆಗೆ ಇನ್ನೂ ಕೆಲವು ದಿನವಿತ್ತು. ಅಪ್ಪನ ಸೀನು ಕಡಿಮೆಯಾಗುತ್ತ ಬಂದು, ಚಪ್ಪರ ಹಾಕಿದ ದಿನ ಪೂರ್ತಿ ನಿಂತಿತು. ಅಜ್ಜಿ ಒಪ್ಪಿದಳು. ಧಾರೆ ಅಪ್ಪನದೇ!

ಮದುವೆಗೆ ಇಬ್ಬರು ವೈದ್ಯರೂ ಬಂದರು. ಮುಂದಿನ ಚಾಪೆಯಲ್ಲಿ ಅಕ್ಕಪಕ್ಕ ಕೂತು, ಹೆಣ್ಣು ಗಂಡನ್ನು ಬಿಟ್ಟು ಅಪ್ಪನ ಮೂಗನ್ನೇ ನೋಡುತ್ತಿದ್ದರು. ಅಜ್ಜಿ ಓಲಗದವರಿಗೆ, ಏನೇ ಆದರೂ ಬಾರಿಸುವುದು ನಿಲ್ಲಿಸಬೇಡಿ ಎಂದು ಹೇಳಿಟ್ಟಿದ್ದಳು. ನಾನು ಅಪ್ಪ ನೇಯ್ದ ಕೆಂಪು ಸೀರೆ ಉಟ್ಟು ಬಂದು ನಿಂತೆ. ಮಗ್ಗದಿಂದ ಇಳಿದ ಮೇಲೆ ನೀರು ಕಾಣದ ಹೊಸ ರೇಷ್ಮೆ. ಅಪ್ಪ ಅದರ ಹತ್ತಿರಕ್ಕೆ ಬಂದು, ನನ್ನ ಕೈ ಹಿಡಿದು ಧಾರೆ ಎರೆದ. ಎರೆದು ಮುಗಿಯಿತು, ನಾನು ಗೆದ್ದೆ ಅಂದುಕೊಂಡೆ. ಆಗ ಪುರೋಹಿತರು ಗೋತ್ರದ ಹೆಸರು ಎಲ್ಲರಿಗೂ ಕೇಳಲೆಂದು ಓಲಗದವರಿಗೆ ಕೈ ತೋರಿಸಿ ನಿಲ್ಲಿಸಿದರು. ಗಂಡು ತಾಳಿ ಕೈಗೆತ್ತಿಕೊಂಡಿದ್ದ.

ಅಪ್ಪ ಸೀನಿದ.

ಒಂದು.

ಅಪ್ಪನ ಮುಖ ನೋಡಲಾಗಲಿಲ್ಲ. ಅಜ್ಜಿಯ ಕೈ ತಟ್ಟನೆ ಸೊಂಟಕ್ಕೆ ಹೋಯಿತು, ನಶ್ಯದ ಡಬ್ಬಿ ಅಲ್ಲಿರಲಿಲ್ಲ. ನಾನೇ ಎರಡನೆಯದನ್ನು ಸೀನೋಣವೆಂದು ಮೂಗನ್ನು ಹೊಸ ಸೆರಗಿಗೆ ಉಜ್ಜಿದೆ, ಬರಲಿಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ಶಲ್ಯ ಕೊಡವಿ ಎದ್ದರು. ಅಷ್ಟರಲ್ಲಿ ಅವರ ಹಿಂದಿನಿಂದ ಇನ್ನೊಂದು ಸೀನು ಬಂತು ನೋಡಿ! ಅಪ್ಪನದು ಏನೂ ಅಲ್ಲ ಅನ್ನಿಸುವಂಥದ್ದು. ತಿರುಗಿ ನೋಡಿದರೆ ಹುಡುಗನ ತಾಯಿ. ಕೈಯಲ್ಲಿ ಪುಟ್ಟ ತಗಡಿನ ಡಬ್ಬಿ, ಮೂಗಿನ ಮೇಲೆಲ್ಲ ನಶ್ಯ, ಕಣ್ಣಲ್ಲಿ ಧಾರಾಕಾರ ನೀರು.

"ರೆಂಡು ಅಯಿನಾಯಿ! ಎರಡಾಯ್ತು, ಬಾರಿಸ್ರಿ!" ಎಂದು ಗುಡುಗಿದರು.

ಎದ್ದ ಹಿರಿಯರು, "ಬೇರೆಯೋರು ಸೀನಿದ್ರೆ ಜೋಡಿ ಹೆಂಗಾಗ್ತೈತಮ್ಮ?" ಎಂದರು.

"ಹೆಣ್ಣಿನ ಕಡೇದು ಒಂದು, ಗಂಡಿನ ಕಡೇದು ಒಂದು. ಮದ್ವೆ ಮನ್ಯಾಗೆ ಇದಕ್ಕಿಂತ ಜೋಡಿ ಇನ್ನೇನ್ ಬೇಕ್ರಿ ನಿಮ್ಗೆ? ಕುಂತ್ಕೊಳ್ರಿ."

ಅವರು ಕೂತರು. ಓಲಗ ಮೊಳಗಿತು, ನನ್ನ ಕೊರಳಿಗೆ ತಾಳಿ ಬಿತ್ತು, ಅಪ್ಪ ಎಲ್ಲರೆದುರಿಗೆ ಟವಲು ತೆಗೆದು ಹೊಟ್ಟೆ ತುಂಬ ಸೀನಿದ. ನಾನು ಹಸೆಯ ಮೇಲೆ ಬಿದ್ದು ಬಿದ್ದು ನಕ್ಕೆ. ಅಷ್ಟು ನಕ್ಕ ಮದುಮಗಳನ್ನು ನಮ್ಮ ಬೀದಿ ನೋಡಿರಲಿಲ್ಲವಂತೆ.

ಊಟದ ಪಂಕ್ತಿಯಲ್ಲಿ ಇಬ್ಬರು ವೈದ್ಯರಿಗೂ ಜಗಳ. ಹೊಸ ರೇಷ್ಮೆ ಹತ್ತಿರ ಬಂತು, ಸೀನು ಬಂತು, ನನ್ನ ಮಾತೇ ನಿಜವೆಂದು ಡಾಕ್ಟರು. ಸೀನಿಗೆ ಸೀನೇ ಮದ್ದಾಯಿತಲ್ಲ, ನನ್ನ ಶಾಸ್ತ್ರವೇ ಗೆದ್ದಿತೆಂದು ಶಿರಸ್ತೇದಾರರು. ಹೋಳಿಗೆ ಆರಿ ತಣ್ಣಗಾದರೂ ಇಬ್ಬರೂ ಬಿಡಲಿಲ್ಲ. ಹೊರಡುವಾಗ ನನ್ನ ಅತ್ತೆ ಆ ನಶ್ಯದ ಡಬ್ಬಿಯನ್ನು ಅಪ್ಪನ ಕೈಯಲ್ಲಿಟ್ಟರು. ಅವತ್ತಿನಿಂದ ಅಪ್ಪ ಒಂದು ಸೀನು ಬಂದ ಕೂಡಲೇ ಚಿಟಿಕೆ ನಶ್ಯ ಏರಿಸಿ ಎರಡನೆಯದನ್ನೂ ಸೀನಿಬಿಡುತ್ತಿದ್ದನಂತೆ. ಬೀದಿಯ ಜನ ಹೊತ್ತಿಗೆ ಸರಿಯಾಗಿ ಸಂತೆ ಸೇರತೊಡಗಿದರು.

ರಾಯದುರ್ಗದ ಮನೆಯಲ್ಲಿ ಅತ್ತೆ ನಶ್ಯ ಹಾಕುವುದನ್ನು ನೋಡಬೇಕೆಂದು ನನಗೆ ಕುತೂಹಲ. ಎಷ್ಟು ಕಾದರೂ ಕಾಣಲಿಲ್ಲ. ಒಂದು ದಿನ ಇಬ್ಬರೂ ರಾಟೆಯ ಮುಂದೆ ಕೂತು ನೂಲು ಸುತ್ತುವಾಗ ಕೇಳಿಯೇಬಿಟ್ಟೆ.

"ಥೂ, ಆ ದರಿದ್ರ ಪುಡಿ ಯಾರು ಹಾಕ್ಕೊಂತಾರೆ?" ಅಂದರು. "ನಾವು ಹೆಣ್ಣು ನೋಡೋಕೆ ಬಂದ ದಿನ ನಿಮ್ಮಪ್ಪ ಎಮ್ಮೆ ನೆಪ ಹೇಳಿ ಹಿತ್ತಲಿಗೆ ಓಡ್ತಿದ್ರಲ್ಲ, ಅವಾಗ್ಲೇ ತಿಳೀತು. ಸಂತೇಲಿ ಒಂದು ಡಬ್ಬಿ ತಗೊಂಡಿಟ್ಕೊಂಡೆ."

ಅವರೇ ಎಳೆ ತುಂಡಾದದ್ದನ್ನು ಗಂಟು ಹಾಕುತ್ತ ಹೇಳಿದರು. "ನಮ್ ದೊಡ್ಡ ಮಗಳ ಧಾರೆ ನಿಮ್ ಮಾವ ಎರೀಲಿಲ್ಲ. ಮೈದುನನ ಕೈಲಿ ಎರೆಸಿದ್ವಿ. ಇವ್ರು ಗ್ವಾಡೆ ಹಿಂದೆ ಬಾಯಿಗೆ ಟವಲು ತುರುಕ್ಕೊಂಡು ಕುಂತಿದ್ರು."

ಒಳಗೆ ಮಗ್ಗದ ಸದ್ದು ನಿಂತಿತು. ಮಾವ ಸೀನಿದರು. ಒಂದೇ. ನಾವಿಬ್ಬರೂ ನೂಲು ಸುತ್ತುತ್ತಲೇ ಇದ್ದೆವು.