ಹಸುವಿಗೆ ಕಾಲಂ ಇಲ್ಲ

ನಮ್ಮ ಮನೆಯ ಗೇಟಿನ ಪಕ್ಕದ ಗೋಡೆಗೆ ಅಂಗೈ ಅಗಲದ ಒಂದು ತಗಡನ್ನು ನಾಲ್ಕು ಸ್ಕ್ರೂ ಬಿಗಿದು ಕೂರಿಸಿದ್ದಾರೆ. ಅದರ ತುಂಬಾ ಇರುವೆ ಸಾಲು ಚದುರಿ ಬಿದ್ದ ಹಾಗೆ ಕಪ್ಪು ಚುಕ್ಕೆಗಳು. ದಿನಾ ಬೆಳಿಗ್ಗೆ ಕಸದ ಗಾಡಿಯ ಜೊತೆ ಬರುವ ಹೆಂಗಸು ಅದಕ್ಕೆ ತನ್ನ ಮೊಬೈಲು ತೋರಿಸುತ್ತಾಳೆ, ಅದು ಟಿಂಗ್ ಎನ್ನುತ್ತದೆ, ಅಷ್ಟಕ್ಕೇ ಈ ಮನೆಯವರು ಇವತ್ತು ಹಸಿ ಕಸ ಎಷ್ಟು ಕೊಟ್ಟರು, ಒಣ ಕಸ ಎಷ್ಟು ಕೊಟ್ಟರು ಎಂಬ ಸಮಾಚಾರ ಎಲ್ಲೋ ದೂರದಲ್ಲಿ ತಣ್ಣಗೆ ಕುಳಿತಿರುವ ಕಂಪ್ಯೂಟರಿಗೆ ಹೋಗಿ ಮುಟ್ಟುತ್ತದೆಯಂತೆ. ಅಲ್ಲಿಂದ ಮನೆಗೆ ಅಂಕ, ಮನೆಗಳ ಅಂಕ ಕೂಡಿ ಬೀದಿಗೊಂದು ಬಣ್ಣ, ಬೀದಿಗಳ ಬಣ್ಣ ಕೂಡಿ ಊರಿಗೊಂದು ಸ್ಥಾನ. ನಮ್ಮೂರು ಎಷ್ಟು ಸ್ಮಾರ್ಟು, ಎಷ್ಟು ಸುಸ್ಥಿರ ಎಂದು ಅಳೆಯುವ ವಿಧಾನ ಇದು. ಊರಿನ ಹೆಸರು ಮಾತ್ರ ಕೇಳಬೇಡಿ. ಕೋಲಾರ ಜಿಲ್ಲೆಯದು, ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು ಎಂದಷ್ಟೇ ಹೇಳುತ್ತೇನೆ. ಹೆಸರು ಹೇಳಿದರೆ ಇರುವ ಅಂಕದಲ್ಲೂ ಒಂದೆರಡು ಕಳೆದಾರು.

ಅಳತೆಯೆಂದರೆ ಇವನಿಗೆ ಆಗದು ಎಂದು ತಿಳಿಯಬೇಡಿ ಮಹರಾಯರೇ, ನಾನು ಉಂಡದ್ದೇ ಅಳತೆಯ ಅನ್ನ. ಅಂಗಡಿಗಳ ತಕ್ಕಡಿಗೆ, ತೂಕದ ಬಟ್ಟಿಗೆ, ಎಣ್ಣೆಯ ಲೀಟರಿಗೆ ‘ಸರಿಯಿದೆ’ ಎಂದು ಮುದ್ರೆ ಒತ್ತುವ ಸರ್ಕಾರಿ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತನಾದವನು ನಾನು; ಬೀದಿಯವರಿಗೆ ಇವತ್ತಿಗೂ ‘ತಕ್ಕಡಿ ಸಾರು’. ಅಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ ಮಾತು. ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ತಟ್ಟೆಯಲ್ಲಿ ಇಟ್ಟದ್ದನ್ನು ಬಿಟ್ಟು ಅದಕ್ಕೆ ಬೇರೇನೂ ಗೊತ್ತಿಲ್ಲ. ಮಾಲೂರಿನ ಸಂತೆಯಲ್ಲಿ ಒಬ್ಬ ಮುದುಕಿ ಬದನೆಕಾಯಿ ಮಾರುತ್ತಿದ್ದರು. ತೂಗಿ ಚೀಲಕ್ಕೆ ಸುರಿದ ಮೇಲೆ, ಗಿರಾಕಿ ಕೇಳಲಿ ಬಿಡಲಿ, ಇನ್ನೆರಡು ಕಾಯಿ, ಒಂದು ಹಿಡಿ ಕೊತ್ತಂಬರಿ ಕೊಸರು ಹಾಕದೆ ಕಳಿಸಿದವರಲ್ಲ. ಅವರ ತಕ್ಕಡಿಗೆ ನಾನು ವರ್ಷವರ್ಷವೂ ಮುದ್ರೆ ಒತ್ತಿದೆ, ರಿಜಿಸ್ಟರಿನಲ್ಲಿ ಬರೆದೆ. ಆ ಕೊಸರನ್ನು ಬರೆಯಲು ನನ್ನ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ, ಅದನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದೂ ಇಲ್ಲ. ಗಿರಾಕಿಗಳು ಮಾತ್ರ ನಾಲ್ಕು ಅಂಗಡಿ ದಾಟಿ ಅಲ್ಲಿಗೇ ಬರುತ್ತಿದ್ದರು.

ಇನ್ನು ಆ ‘ಸುಸ್ಥಿರ’ವೆಂಬ ಪದ. ಎಷ್ಟು ಇಸ್ತ್ರಿ ಹಾಕಿದ ಪದ ನೋಡಿ, ಬಾಯಿಗೆ ಹಾಕಿಕೊಂಡರೆ ನಾಲಿಗೆ ನೆಟ್ಟಗಾಗುತ್ತದೆ. ನಮ್ಮಮ್ಮ ಪಾತ್ರೆ ಕೊಳ್ಳುವಾಗ, ಚಾಪೆ ಕೊಳ್ಳುವಾಗ, ಅಷ್ಟೇಕೆ, ಮನೆಗೆ ಸೊಸೆ ತರುವಾಗಲೂ ಕೇಳುತ್ತಿದ್ದ ಪ್ರಶ್ನೆ ‘ಬಾಳಿಕೆ ಬರುತ್ತಾ?’ ಎಂಬುದು. ಸುಸ್ಥಿರವೆಂದರೆ ಅಷ್ಟೇ ತಾನೆ? ಹಾಗಾದರೆ ಒಂದು ಬೀದಿ ಬಾಳಿಕೆ ಬರುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿ ಬಾಳುತ್ತಿರುವವರನ್ನು ಕೇಳಿದರೆ ಆಗುತ್ತಿತ್ತು. ಆದರೆ ಕೇಳುವುದು ಯಾವ ಕಾಲದ ಪದ್ಧತಿ, ಈಗೇನಿದ್ದರೂ ಟಿಂಗ್.

ನಮ್ಮ ಬೀದಿಯಲ್ಲಿ ಮನೆ ಒಂಬತ್ತು, ಹಸು ಒಂದು. ಹಸು ನಾರಾಯಣಮ್ಮನವರದು, ಹೆಸರು ಚಂದ್ರಿ. ಬೀದಿಯ ಕೊನೆಗೆ ಶೀಟು ಹೊದಿಸಿದ ಕೊಟ್ಟಿಗೆ, ಕೊಟ್ಟಿಗೆಗೆ ಒತ್ತಿಕೊಂಡು ಅವರ ಮನೆ. ಗಂಡ ತೀರಿಕೊಂಡ ಮೇಲೆ ಉಳಿದ ಎಂಟು ಮನೆಗೆ ಹಾಲು ಹಾಕಿಯೇ ಮಗಳಿಗೆ ನರ್ಸಿಂಗ್ ಓದಿಸಿ ಮದುವೆ ಮಾಡಿದರು. ಆಮೇಲೂ ಅವರ ಒಲೆ ಉರಿಯುತ್ತಿದ್ದುದು ಅದೇ ಹಾಲಿನಿಂದ. ಪ್ರತಿ ಮನೆಯ ಹಿತ್ತಿಲಲ್ಲೂ ಒಂದು ಕಲಗಚ್ಚಿನ ಬಕೆಟ್ಟು. ಅಕ್ಕಿ ತೊಳೆದ ನೀರು, ಸೊಪ್ಪಿನ ದಂಟು, ಚಳಿಗಾಲದಲ್ಲಿ ಮಂಕರಿಗಟ್ಟಲೆ ಅವರೆಕಾಯಿ ಸಿಪ್ಪೆ, ಬೇಸಿಗೆಯಲ್ಲಿ ಮಾವಿನದು, ಹಲಸಿನದು, ಎಲ್ಲವೂ ಸಂಜೆಯ ಹೊತ್ತಿಗೆ ಚಂದ್ರಿಯ ಮೇವಿನ ಬಾನಿಗೆ ಹೋಗಿ, ಬೆಳಿಗ್ಗೆಯ ಹೊತ್ತಿಗೆ ಹಾಲಾಗಿ ನಮ್ಮ ಕಾಫಿಗೆ ಬರುತ್ತಿತ್ತು. ಸಗಣಿ ತಿಪ್ಪೆ ಸೇರಿ, ವರ್ಷಕ್ಕೊಮ್ಮೆ ಹೋಳೂರಿನ ಕಡೆಯವರು ಟ್ರಾಕ್ಟರು ತಂದು ಹಿಪ್ಪುನೇರಳೆ ತೋಟಕ್ಕೆ ಒಯ್ಯುತ್ತಿದ್ದರು. ಒಂದು ಹಿಡಿ ಸಿಪ್ಪೆಯೂ ನಮ್ಮ ಬೀದಿಯಿಂದ ಕಸವಾಗಿ ಹೊರಗೆ ಹೋಗಿದ್ದಿಲ್ಲ. ಇದರಲ್ಲಿ ಹೆಚ್ಚುಗಾರಿಕೆ ಇದೆಯೆಂದು ಯಾರೂ ಎಣಿಸಿರಲೂ ಇಲ್ಲ.

ತಗಡು ಬಂದ ಮೊದಲ ತಿಂಗಳೇ ನಮ್ಮ ಬೀದಿಗೆ ಕೆಂಪು ಬಣ್ಣ ಬಿತ್ತು. ಒಂಬತ್ತೂ ಮನೆಯವರು ಹಸಿ ಕಸ ಕೊಟ್ಟಿಲ್ಲ, ಆದ್ದರಿಂದ ಅಸಹಕಾರಿಗಳು! ಸ್ವಾತಂತ್ರ್ಯ ಹೋರಾಟದ ಕಾಲದಲ್ಲಾದರೆ ಅಸಹಕಾರಕ್ಕೆ ಒಂದು ಮರ್ಯಾದೆಯಾದರೂ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ವಿಚಾರಿಸಲು ಬಂದ ಮೌಲ್ಯಮಾಪನದ ಹುಡುಗಿಯ ಮೇಲೆ ರೇಗಬೇಕೆಂದು ಕಾದು ಕುಳಿತಿದ್ದೆ. ಆದರೆ ಆಕೆ ಬಿಸಿಲಲ್ಲಿ ನಡೆದು ಬಂದು, ಚಪ್ಪಲಿ ಬಿಟ್ಟು, ಸರೋಜ ಕೊಟ್ಟ ಕಾಫಿಯನ್ನು ‘ಎಷ್ಟು ಚೆನ್ನಾಗಿದೆ ಆಂಟಿ’ ಎಂದು ಹೊಗಳಿ ಕುಡಿದಳು. ಸರೋಜ ನನ್ನ ಹೆಂಡತಿ. ಹೊಗಳಿದವರ ಮೇಲೆ ರೇಗಲು ಆಕೆ ಬಿಡುವುದಿಲ್ಲ. ಹಾಗಾಗಿ ನಾನು ಸಾವಧಾನವಾಗಿಯೇ ಬಕೆಟ್ಟು, ಬಾನಿ, ಹಾಲು, ತಿಪ್ಪೆ, ಟ್ರಾಕ್ಟರು ಎಂದು ಇಡೀ ಪುರಾಣವನ್ನು ಬಿಡಿಸಿ ಹೇಳಿದೆ. ಆ ಹುಡುಗಿ ತನ್ನ ಟ್ಯಾಬಿನ ಮೇಲೆ ಬೆರಳು ಸರಿಸಿದಳು, ಸರಿಸಿದಳು, ಸರಿಸುತ್ತಲೇ ಹೋದಳು. ಗಾಡಿಗೆ ಕೊಡುತ್ತೇವೆ ಎಂದು ಇತ್ತು, ಸುಡುತ್ತೇವೆ ಎಂದು ಇತ್ತು, ಬೀದಿಗೆ ಎಸೆಯುತ್ತೇವೆ ಎಂದೂ ಇತ್ತು.

“ಹಸುಗೆ ಕಾಲಂ ಇಲ್ಲ ಅಂಕಲ್,” ಅಂದಳು, ನಿಜವಾಗಿಯೂ ನೊಂದುಕೊಂಡು.

ಆಮೇಲೆ ಇನ್ನೊಂದು ಪುಟದಲ್ಲಿ ಹಸು ಸಿಕ್ಕಿತು. ‘ಜನವಸತಿಯ ನಡುವೆ ಜಾನುವಾರು’ ಎಂಬ ಸಾಲಿನಲ್ಲಿ, ಅಂಕ ಕಳೆಯುವ ಪಟ್ಟಿಯಲ್ಲಿ. ತಾನಾಗಿ ಅದನ್ನು ಒತ್ತುವುದಿಲ್ಲ ಎಂದು ಆಕೆ ದೊಡ್ಡ ಮನಸ್ಸಿನಿಂದಲೇ ಹೇಳಿದಳು. ಆದರೆ ಬೀದಿ ಹೀಗೇ ಕೆಂಪಾಗಿ ಉಳಿದರೆ ಮೇಲಿನವರು ಬಂದು ಹುಡುಕುತ್ತಾರೆ, ಕೊಟ್ಟಿಗೆ ಎತ್ತಿಸಿ ಎಂದು ನೋಟಿಸು ಬರುತ್ತದೆ ಎಂದೂ ಹೇಳಿದಳು. ಹಾಲಿನ ಕ್ಯಾನು ಹಿಡಿದು ಗೇಟಿನಲ್ಲಿ ನಿಂತಿದ್ದ ನಾರಾಯಣಮ್ಮನವರ ಕಿವಿಗೆ ಅಷ್ಟೂ ಬಿತ್ತು. ಹುಡುಗಿ ಹೋದ ಮೇಲೆ ‘ಏಂ ಚೇಸೇದಿ ಸಾರು, ಏನು ಮಾಡೋದು’ ಎಂದು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೇಳಿದರು. ನಾನಿಲ್ಲವೇ, ಅಳತೆಯ ವಿದ್ಯೆ ನನಗೆ ಗೊತ್ತಿಲ್ಲದ್ದೇ, ಚಂದ್ರಿ ಎಲ್ಲಿಗೂ ಹೋಗುವುದಿಲ್ಲ ಎಂದು ಎದೆ ತಟ್ಟಿ ಹೇಳಿ ಕಳಿಸಿದೆ.

ನನ್ನ ಉಪಾಯ ಬಲು ಸರಳವಾಗಿತ್ತು. ತಕ್ಕಡಿಗೆ ತಟ್ಟೆಯ ಮೇಲಿನದು ಮಾತ್ರ ಕಾಣುತ್ತದೆಂದರೆ ತಟ್ಟೆಗೆ ಒಂದಿಷ್ಟು ಹಾಕಿಬಿಡೋಣ. ದಿನಾ ಪ್ರತಿ ಮನೆಯವರು ಸಿಪ್ಪೆ ಸೊಪ್ಪನ್ನು ಗಾಡಿಗೆ ಕೊಡುವುದು, ಟಿಂಗ್ ಅನ್ನಿಸಿಕೊಳ್ಳುವುದು, ಕೆಂಪು ಹೋದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಚಂದ್ರಿಗೆ ಕೆಲವು ದಿನ ಬೂಸಾ, ಒಣಹುಲ್ಲು. ಬೀದಿಯವರನ್ನೆಲ್ಲ ನಮ್ಮ ಜಗಲಿಯಲ್ಲಿ ಕೂರಿಸಿ ಇದನ್ನು ವಿವರಿಸಿದಾಗ ಎಲ್ಲರೂ ‘ಸಾರು ತಲೆಯೇ ತಲೆ’ ಎಂದರು. ಸರೋಜ ಮಾತ್ರ ಒಳಗಿನಿಂದಲೇ, ಹಸುವಿನ ಬಾಯಿಂದ ಕಿತ್ತು ಗಾಡಿಯ ಬಾಯಿಗೆ ಹಾಕುವ ಈ ಜಾಣತನ ಬೇಡ, ಇದ್ದದ್ದು ಇದ್ದ ಹಾಗೆ ಬರೆದು ಒಂದು ಅರ್ಜಿ ಕೊಡಿ ಎಂದಳು. ಹೆಂಡತಿಯ ಮಾತನ್ನು ಮೊದಲ ಸಲಕ್ಕೇ ಕೇಳಿದ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮುಂದೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಂಕವೆಂಬುದು ಮನುಷ್ಯನ ತಲೆಯನ್ನು ಎಷ್ಟು ಬೇಗ ಕೆಡಿಸುತ್ತದೆಂದರೆ, ಕಸವನ್ನೇ ಕಂಡರಿಯದ ನಮ್ಮ ಬೀದಿಯಲ್ಲಿ ಕಸಕ್ಕೆ ಪೈಪೋಟಿ ಶುರುವಾಯಿತು. ಸೋರೆಕಾಯಿ ಸಿಪ್ಪೆಯಲ್ಲಿ ಚಟ್ನಿ ಅರೆಯುತ್ತಿದ್ದವರು ಸಿಪ್ಪೆಯನ್ನು ದಪ್ಪಗೆ ಹೆರೆದು ಬಕೆಟ್ಟಿಗೆ ಹಾಕತೊಡಗಿದರು. ನಾರಾಯಣಮ್ಮನವರೂ, ಬೀದಿಗೆ ಕಡಿಮೆಯಾಗಬಾರದೆಂದು, ತಮ್ಮ ಹಸುವಿಗೆ ಹಾಕಬೇಕಾದ ಸೊಪ್ಪನ್ನು ತಾವೇ ಗಾಡಿಗೆ ಕೊಟ್ಟು ಟಿಂಗ್ ಅನ್ನಿಸಿಕೊಂಡರು. ಹಾಲು ತೆಳ್ಳಗಾಯಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೀದಿ ಹಳದಿಯಾಯಿತು. ಎರಡು ತಿಂಗಳಾಗುವಷ್ಟರಲ್ಲಿ ಫೋನು ಬಂತು: ಇಡೀ ಊರಿನಲ್ಲಿ ಇಷ್ಟು ಬೇಗ ಸುಧಾರಿಸಿದ ಬೀದಿ ಇನ್ನೊಂದಿಲ್ಲವಂತೆ, ನಮ್ಮದು ಮಾದರಿ ಬೀದಿಯಂತೆ, ಮುಂದಿನ ವಾರ ದೊಡ್ಡವರೆಲ್ಲ ನೋಡಲು ಬರುತ್ತಾರಂತೆ.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಯಾರ ಕಣ್ಣಿಗೂ ಬೀಳಬಾರದೆಂದು ಹೂಡಿದ ಆಟದಿಂದ ಊರಿನ ಕಣ್ಣನ್ನೆಲ್ಲ ಬೀದಿಗೆ ಕರೆದು ತಂದಿದ್ದೆ, ಮಾದರಿ ಬೀದಿಯ ಕೊನೆಯಲ್ಲಿ ಅಂಕ ಕಳೆಯುವ ಪಟ್ಟಿಯ ಚಂದ್ರಿ ಮೆಲುಕು ಹಾಕುತ್ತಾ ನಿಂತಿತ್ತು. ನಾನೇ ಹೋಗಿ ನಾರಾಯಣಮ್ಮನವರನ್ನು ಕೇಳಿದೆ, ಎರಡು ದಿನದ ಮಟ್ಟಿಗೆ ಹಸುವನ್ನು ಎಲ್ಲಿಯಾದರೂ ಬಿಡಲು ಆಗುತ್ತದೆಯೇ ಎಂದು. ಬೈರಕೂರಿನಲ್ಲಿ ತಂಗಿಯ ಮನೆಯಿದೆ, ಅಲ್ಲಿ ಮಾವಿನ ತೋಪಿನಲ್ಲಿ ಮೇಯಲು ಹುಲ್ಲೂ ಇದೆ ಎಂದು ಅವರು ಮಾರನೆಯ ದಿನ ಟೆಂಪೊ ಕರೆಸಿದರು. ಚಂದ್ರಿ ಹಲಗೆ ಹತ್ತಲು ಒಪ್ಪದೆ ಕಾಲು ಊರಿ ನಿಂತಾಗ ಬೀದಿಯವರೆಲ್ಲ ಸೇರಿ ತಳ್ಳಿದೆವು, ನಾನೂ ತಳ್ಳಿದೆ.

ದೊಡ್ಡವರು ಬಂದರು, ಹೂ ಹಾಕಿಸಿಕೊಂಡರು, ಫೋಟೊ ತೆಗೆಸಿಕೊಂಡರು. ಅಳತೆಯ ಇಲಾಖೆಯವರು ಇಲ್ಲೇ ಇದ್ದಾರಲ್ಲ ಎಂದು ಯಾರೋ ಹೇಳಿ, ಇಲ್ಲಿ ಎಲ್ಲವೂ ಪಟ್ಟಿಯಂತೆ ಸರಿಯಿದೆ ಎಂಬ ಕಾಗದಕ್ಕೆ ನಾಗರಿಕರ ಪರವಾಗಿ ನನ್ನಿಂದಲೇ ಸಹಿ ಹಾಕಿಸಿದರು. ಮೂವತ್ತು ವರ್ಷದಲ್ಲಿ ಒಂದು ಕಳ್ಳ ತಕ್ಕಡಿಗೂ ಮುದ್ರೆ ಒತ್ತದ ಕೈ ಅವತ್ತು ಸಹಿ ಹಾಕಿತು. ಬೀದಿ ಹಸಿರಾಯಿತು. ಹಸಿರಾದ ಬೀದಿಯನ್ನು ಯಾವ ದಿನ ಬೇಕಾದರೂ ಹೇಳದೆ ಕೇಳದೆ ಬಂದು ನೋಡುತ್ತಾರಂತೆ, ಒಂದು ತಪ್ಪು ಕಂಡರೂ ಇಡೀ ಊರಿನ ಸ್ಥಾನ ಇಳಿಯುತ್ತದಂತೆ. ಎರಡು ದಿನದ ಮಾತು ಎರಡು ವಾರವಾಯಿತು, ಎರಡು ತಿಂಗಳಾಯಿತು. ನಾವು ಎಂಟು ಮನೆಯವರು ಪಾಕೀಟು ಹಾಲಿಗೆ ಹೊಂದಿಕೊಂಡೆವು, ಆ ಪ್ಲಾಸ್ಟಿಕ್ ಕವರುಗಳನ್ನು ಒಣ ಕಸವೆಂದು ಕೊಟ್ಟು ಅದಕ್ಕೂ ಅಂಕ ಪಡೆದೆವು. ಚಂದ್ರಿಯನ್ನು ವಾಪಸು ಕರೆತನ್ನಿ, ಬಂದದ್ದು ಬರಲಿ ಎಂದು ಹೇಳಲು ನಾನು ದಿನಾ ಬೀದಿಯ ಕೊನೆಯ ಕಡೆಗೆ ಹೊರಡುತ್ತಿದ್ದೆ, ಖಾಲಿ ಕೊಟ್ಟಿಗೆಯನ್ನು ಕಂಡು ಅರ್ಧ ದಾರಿಯಲ್ಲೇ ಹಿಂತಿರುಗುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಹೋದ ವಾರ ಮಾದರಿ ಬೀದಿಗೆ ಬಹುಮಾನವೆಂದು ಒಂದು ದೊಡ್ಡ ಪೀಪಾಯಿ ಬಂತು. ಹಸಿ ಕಸ ಹಾಕಿ ದಿನಕ್ಕೆರಡು ಸಲ ಹಿಡಿ ತಿರುಗಿಸಿದರೆ ಒಳಗೇ ಗೊಬ್ಬರವಾಗುತ್ತದೆ, ಇನ್ನು ಗಾಡಿಗೆ ಕೊಡುವುದೂ ಬೇಡ, ಬೀದಿಯ ಕಸ ಬೀದಿಯಲ್ಲೇ ಮುಗಿಯುತ್ತದೆ, ಸುಸ್ಥಿರತೆಗೆ ಪೂರ್ತಿ ಅಂಕ ಎಂದು ತಂದವರು ಸಂಭ್ರಮದಿಂದ ವಿವರಿಸಿದರು. ಇಡಲು ಜಾಗ ಹುಡುಕಿದರು. ಬೀದಿಯಲ್ಲಿ ನೆರಳಿರುವ ಖಾಲಿ ಜಾಗ ಎಂದರೆ ಒಂದೇ, ಕೊಟ್ಟಿಗೆ. ಹಿಡಿ ತಿರುಗಿಸುವ ಕೆಲಸವನ್ನು, ಮನೆ ಪಕ್ಕದಲ್ಲೇ ಇದೆಯಲ್ಲ ಎಂದು, ನಾರಾಯಣಮ್ಮನವರಿಗೇ ವಹಿಸಿ ಹೋದರು.

ನಿನ್ನೆ ಸಂಜೆ ನಾನು ಸಿಪ್ಪೆ ಹಾಕಲು ಹೋದಾಗ ಅವರು ಹಿಡಿ ತಿರುಗಿಸುತ್ತಿದ್ದರು. ನಾನು ತಂದದ್ದನ್ನು ಇಸಿದುಕೊಂಡು, ಅಭ್ಯಾಸಬಲದಿಂದ ಅದರಲ್ಲಿದ್ದ ಪ್ಲಾಸ್ಟಿಕ್ ದಾರವೊಂದನ್ನು ಆರಿಸಿ ತೆಗೆದು, ಉಳಿದದ್ದನ್ನು ಪೀಪಾಯಿಯ ಬಾಯಿಗೆ ಸುರಿದರು. ಮುಚ್ಚಳ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. ಕೋಪವಿರಲಿಲ್ಲ, ದೂರಿರಲಿಲ್ಲ, ಮನೆಗೆ ಬಂದ ಹೊಸ ದನದ ವಿಷಯ ನೆರೆಯವರಿಗೆ ಹೇಳುವ ಧಾಟಿಯಲ್ಲೇ ಹೇಳಿದರು.

“ಹಾಕಿದ್ದೆಲ್ಲಾ ತಿನ್ನುತ್ತೆ ಸಾರು, ಗೊಬ್ಬರಾನೂ ಹಾಕುತ್ತೆ. ಕರೆಯೋಕೆ ಮಾತ್ರ ಏನೂ ಇಲ್ಲ.”