ಕಡ್ಡಿ, ಡಬ್ಬಿ

ಬ್ಯಾಡಗಿಯ ಕಾಲೇಜಿನಲ್ಲಿ ನಾನು ಹುಡುಗಿಯರಿಗೆ ಕಬಡ್ಡಿ ಕಲಿಸಲು ಸೇರಿದ್ದು ಎರಡು ಸಾವಿರದ ಇಸವಿಯ ಆಚೀಚೆ. ವರ್ಷ ವರ್ಷವೂ ಹೊಸ ಕಾಗದ ಕೊಡುವ ತಾತ್ಕಾಲಿಕ ನೌಕರಿ. ಹಲಗೇರಿಯ ನಮ್ಮ ಮನೆಯಲ್ಲಿ ಅದನ್ನು ಯಾರೂ ಕೆಲಸವೆಂದು ಒಪ್ಪಿರಲಿಲ್ಲ. "ಹುಡುಗ್ಯಾರನ್ನ ಓಡ್ಯಾಡ್ಸೂದೂ ಒಂದ ನೌಕರೀನೇನ?" ಎಂದು ಅಪ್ಪ ಕೇಳುತ್ತಿದ್ದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಊಟ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದ ದಿನಗಳು ಬಹಳ.

ನಮ್ಮ ಅಂಕಣ ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರ. ಸುಗ್ಗಿಯಲ್ಲಿ ಗಾಳಿ ಈ ಕಡೆ ತಿರುಗಿದರೆ ನಾನು ಸೀಟಿ ಊದುವುದಕ್ಕಿಂತ ಸೀನುವುದೇ ಹೆಚ್ಚು. ಹುಡುಗಿಯರಿಗೆ ಏನೂ ಆಗುತ್ತಿರಲಿಲ್ಲ. ತಾಯಂದಿರ ಜೊತೆ ಕೂತು ಕಾಯಿಯ ತೊಟ್ಟು ಮುರಿದು ಬಂದವರು, ಆ ಘಾಟಿನಲ್ಲೇ ದಮ್ಮು ಹಿಡಿದು "ಕಬಡ್ಡಿ ಕಬಡ್ಡಿ" ಎನ್ನುತ್ತಿದ್ದರು.

ಆದರೆ ನನ್ನ ಪಾಠ ಮಾತ್ರ ಅವರ ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ರೇಗಿ ಅವರ ಭಾಷೆಯಲ್ಲೇ ಕೂಗಿದೆ. ಬ್ಯಾಡಗಿ ಕಾಯಿಯಲ್ಲಿ ಎರಡು ಜಾತಿ: ಗಿಡ್ಡಗೆ, ಉಬ್ಬಿಕೊಂಡಿರುವುದು ಡಬ್ಬಿ; ಸಣ್ಣಗೆ, ಉದ್ದಕ್ಕಿರುವುದು ಕಡ್ಡಿ. ನಾನು "ಡಬ್ಬಿ" ಎಂದರೆ ಎಲ್ಲರೂ ಸುತ್ತುಗಟ್ಟಿ ಎದುರಾಳಿಯನ್ನು ಮುಚ್ಚಬೇಕು. "ಕಡ್ಡಿ" ಎಂದರೆ, ಹಿಡಿತಕ್ಕೆ ಸಿಕ್ಕವಳು ಒದ್ದಾಡದೆ ಮೈ ಉದ್ದ ಮಾಡಿ ನಡುಗೆರೆಗೆ ಕೈ ಚಾಚಬೇಕು. ಅವತ್ತಿನಿಂದ ಎರಡನೇ ಸಲ ಹೇಳಬೇಕಾಗಲಿಲ್ಲ.

ಅವರಲ್ಲೊಬ್ಬಳು ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನ ಮಗಳು. "ಇನ್ನೊಂದ ಗೇಣು, ಇನ್ನೊಂದ ಗೇಣು" ಎಂದು ಅವಳನ್ನು ಎಷ್ಟು ಗೋಳಾಡಿಸಿದ್ದೇನೋ! ಅಳುತ್ತಾ ಮನೆಗೆ ಹೋಗುವಳು; ಮರುದಿನ ನನಗಿಂತ ಮೊದಲೇ ಬಂದು ಅಂಕಣಕ್ಕೆ ನೀರು ಹೊಡೆಯುತ್ತಿರುವಳು. ನೀರು ಬಿದ್ದ ಆ ಕೆಮ್ಮಣ್ಣಿನ ವಾಸನೆ ಈಗಲೂ ಬೇಕೆನಿಸುತ್ತದೆ.

ಮೂರನೇ ವರ್ಷ ಮುಗಿದಾಗ ಹಾವೇರಿಯ ಕಾಲೇಜೊಂದು ಕರೆಯಿತು. "ಈ ವರ್ಷ ಅಂತರ ಕಾಲೇಜ ಪಂದ್ಯಾಟದ ಕಪ್ಪು ತರ್ರಿ. ನಿಮ್ಮನ್ನ ಖಾಯಂ ಮಾಡೂದು ನನಗ ಬಿಡ್ರಿ" ಎಂದರು ಪ್ರಾಂಶುಪಾಲರು. ಖಾಯಂ ಎಂಬ ಮಾತಿಗೆ ನಾನು ಎಷ್ಟು ಹಸಿದಿದ್ದೆನೆಂದರೆ, ಬ್ಯಾಡಗಿಯ ಹುಡುಗಿಯರಿಗೆ ಹೇಳಿಯೂ ಬರಲಿಲ್ಲ. ಹಾವೇರಿಯವರಿಗೆ ಬೇರೆ ಸಂಕೇತಗಳನ್ನು ಕಲಿಸಿದೆ. ಹಳೆಯ ಗುಟ್ಟು ಬ್ಯಾಡಗಿಗೆ ಗೊತ್ತಿತ್ತಲ್ಲ.

ಹಾವೇರಿಯಲ್ಲೇ ನಡೆದ ಫೈನಲ್ಲಿಗೆ ಎದುರು ಬಂದದ್ದು ಬ್ಯಾಡಗಿಯೇ. ಕೊನೆಯ ದಾಳಿ ಅವರದು; ನಾವು ಒಂದು ಅಂಕ ಮುಂದಿದ್ದೆವು. ಬಂದವಳು ಹಮಾಲನ ಮಗಳು. ನಮ್ಮ ಮೂವರು ಅವಳನ್ನು ಕೆಡವಿ ಮೇಲೆ ಬಿದ್ದರು. ನಡುಗೆರೆ ಇನ್ನೂ ಮೊಳದಷ್ಟು ದೂರ. ಕಪ್ಪು ನಮ್ಮದು, ನೌಕರಿ ನನ್ನದು ಎಂದುಕೊಂಡೆ. ಆದರೆ ಅವಳು ಒದ್ದಾಡುತ್ತಿದ್ದಳು. ನಾನು ಕಲಿಸಿದ ಹುಡುಗಿ, ದಮ್ಮು ಸುಮ್ಮನೆ ಹಾಳು ಮಾಡಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು.

"ಕಡ್ಡೀ!"

ಕೂಗಿದ ಮೇಲೆ ತಿಳಿಯಿತು, ಅದು ನನ್ನ ದನಿ. ಅವಳ ಒದ್ದಾಟ ನಿಂತಿತು. ಮೈ ಉದ್ದವಾಯಿತು. ಬೆರಳು ಗೆರೆ ಮುಟ್ಟಿತು. ಹಿಡಿದ ಮೂವರೂ ಔಟು; ಕಪ್ಪು ಬ್ಯಾಡಗಿಗೆ.

ಪ್ರಾಂಶುಪಾಲರು ಕುರ್ಚಿಯಿಂದೆದ್ದು ನನ್ನತ್ತ ನೋಡದೆ ಹೋದರು. ಮುಂದಿನ ವರ್ಷ ಕಾಗದ ಬರಲಿಲ್ಲ. ರಾಣೆಬೆನ್ನೂರಿನಲ್ಲಿ ನಾನು ಖಾಯಂ ಆಗುವುದಕ್ಕೆ ಮತ್ತೆ ಆರು ವರ್ಷ ಹಿಡಿಯಿತು. ಅಲ್ಲಿಯ ಹುಡುಗಿಯರಿಗೂ ನಾನು ಕಲಿಸಿದ್ದು ಕಡ್ಡಿ, ಡಬ್ಬಿಯನ್ನೇ.

ಫೈನಲ್ ಮುಗಿದ ಆ ಸಂಜೆ, ಎಲ್ಲರೂ ಹೋದ ಮೇಲೆ, ಹಮಾಲನ ಮಗಳು ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಸರ, ಕಡ್ಡಿ ಅಂತ ಒದರಿದ್ರಲ್ಲ, ಯಾರಿಗ್ರಿ?"

"ನಿನಗ."

"ನಮ್ಮನ್ನ ಮರತೀರಿ ಅಂತ ತಿಳಕೊಂಡಿದ್ವಿರಿ."

ನನ್ನ ಕಣ್ಣಲ್ಲಿ ನೀರು ಬಂತು. ಬ್ಯಾಡಗಿಯಾಗಿದ್ದರೆ ಮೆಣಸಿನಕಾಯಿ ಘಾಟು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು.