ಕೂತ ಎಲೆ, ತಿಂದ ಎಲೆ

ಐಲಿ ಕೊಸ್ಕೆಲಾಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ, ಬೆಳಗಾದರೆ ಸಾಕಿತ್ತು. ಸುಪೀರಿಯರ್ ಸರೋವರದ ದಡದ ನಮ್ಮ ಊರಿನಲ್ಲಿ ಮೇ ತಿಂಗಳು ಬಂದರೂ ಹಿಮ ಕರಗದಿದ್ದರೆ ಹಿಮದ ಮೇಲೆ ಸಿಟ್ಟು, ಕರಗಿದರೆ ಕೆಸರಿನ ಮೇಲೆ ಸಿಟ್ಟು. ತಾಮ್ರದ ಗಣಿಯಲ್ಲಿ ದುಡಿದ ಫಿನ್ನಿಷ್ ಜನರ ಮನೆಯ ಮಗಳು. ಊರಿನ ಕಾಲೇಜಿನಲ್ಲೇ ಪಾಠ ಹೇಳುತ್ತಿದ್ದಳು. ಮಿಕ್ಕ ಹೊತ್ತೆಲ್ಲ ಎಲೆ ತಿನ್ನುವ ಪುಟ್ಟ ಜೀರುಂಡೆಗಳ ಹಿಂದೆ. "ಹುಳ ನೋಡ್ತಾ ಕೂತ್ರೆ ಹೊಟ್ಟೆ ತುಂಬತ್ತಾ?" ಎಂದು ಅವಳ ತಾಯಿ ಸಾಯುವವರೆಗೂ ಕೇಳಿದಳು. ತುಂಬಿತು, ಆದರೆ ಅಷ್ಟಕ್ಕಷ್ಟೆ.

ಅವಳ ಜೀರುಂಡೆಗಳಲ್ಲಿ ಎರಡು ಬಳಗ. ಒಂದು ಆಲ್ಡರ್ ಪೊದೆಯ ಎಲೆ ತಿನ್ನುತ್ತದೆ, ಇನ್ನೊಂದು ವಿಲ್ಲೋ ಗಿಡದ್ದು. ಕಣ್ಣಿಗೆ ಎರಡೂ ಒಂದೇ. ಬೇರೆ ಬೇರೆ ಎಂದು ತಿಳಿಯುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಕಣದ ಡಿಎನ್‌ಎಯಿಂದ. ಅದು ಇಳಿದು ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಹುಳುವಿನ ಒಂದು ಕಾಲು ಕಿತ್ತು ಅರೆದು ಓದಿದರೆ ಅದರ ಅಜ್ಜಿಯ ಅಜ್ಜಿ ಯಾವ ಮನೆತನದವಳು ಎಂಬುದು ಗೊತ್ತಾಗುತ್ತದೆ. ಆದರೆ ಈ ಹುಳು ಇವತ್ತು ಏನು ತಿನ್ನುತ್ತಿದೆ ಎಂಬುದನ್ನು ಆ ಕಾಲು ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು. ಹುಳು ಎಲೆ ಕಚ್ಚಿದ್ದನ್ನು ಕಂಡ ಹೊರತು ಆ ಗಿಡದ ಹೆಸರು ಬರೆಯಬಾರದು ಎಂಬುದು ಐಲಿಯ ಕಟ್ಟುನಿಟ್ಟು. ಈ ವಿಷಯದಲ್ಲಿ ಅವಳು ದೊಡ್ಡ ದೊಡ್ಡವರನ್ನೂ ಸಭೆಯಲ್ಲೇ ತರಾಟೆಗೆ ತೆಗೆದುಕೊಂಡಿದ್ದಾಳೆ.

ಹುಳು ಹಿಡಿದು ತರುತ್ತಿದ್ದವನು ಗಂಡ ಅರ್ವಿದ್. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರಲಾರದೆ ಬಲೆ ಹಿಡಿದ. ಅಂಚೆಯ ದಾರಿಯ ಹೊಳೆ, ಜೌಗು, ಪೊದೆ ಎಲ್ಲ ಅವನಿಗೆ ಗೊತ್ತು. ಗೊತ್ತಿಲ್ಲದ್ದು ತಾಳ್ಮೆ ಒಂದೇ. ಹುಳು ಎಲೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಇವನು ಐದು ನಿಮಿಷ ನೋಡಿ ಆಕಳಿಸುತ್ತಾನೆ.

ಮೂರು ವರ್ಷದ ಹಿಂದೆ ಒಂದು ದಿನ ಹೊಳೆಯ ಆಚೆ ದಡದ ವಿಲ್ಲೋದಿಂದ ತಂದ ಹುಳುಗಳ ಕಾಲು ಅರೆದು ಓದಿದಾಗ ಆಲ್ಡರ್ ಮನೆತನ ಎಂದು ಬಂತು. ಐಲಿ ಕುರ್ಚಿಯಿಂದ ಎದ್ದು ನಿಂತಳು. ಆಲ್ಡರ್ ತಾಯಂದಿರ ಮಕ್ಕಳು ಈಗಷ್ಟೇ ವಿಲ್ಲೋ ತಿನ್ನಲು ಹೊರಟಿದ್ದರೆ, ಒಂದು ಬಳಗ ಎರಡಾಗುವುದನ್ನು ಕಣ್ಣೆದುರೇ ಹಿಡಿದಂತೆ. ಜೀವಮಾನವಿಡೀ ಅವಳು ಕಾದದ್ದು ಇದಕ್ಕೇ.

"ಕಚ್ಚಿದ್ದು ನೋಡಿದ್ಯಾ ಅರ್ವಿದ್? ವಿಲ್ಲೋ ಎಲೆ ಕಚ್ಚಿದ್ದು?"

"ನೋಡ್ದೆ ಮಾರಾಯ್ತಿ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ ಅಂದ್ನಲ್ಲ! ಬರ್ಕೊಡ್ಲಾ?"

ಐಲಿ ನಕ್ಕಳು. ಅವಳು ನಗುವುದು ನಮ್ಮೂರಿನಲ್ಲಿ ಸುದ್ದಿಯೇ. ಆ ಹುಳುಗಳ ಮೇಲೆ ಅವಳು ಬರೆದ ಪ್ರಬಂಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ತಿನ್ನುವುದನ್ನು ಕಂಡವನು ಅರ್ವಿದ್ ಕೊಸ್ಕೆಲಾ ಎಂದು ಅದರಲ್ಲಿ ಹೆಸರೂ ಬಂತು. ಅರ್ವಿದ್ ಆ ಹಾಳೆಯನ್ನು ಶನಿವಾರದ ಸೌನಾಕ್ಕೆ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆಗೆ ಒಯ್ದು, ಬೆವರು ಸುರಿಸುತ್ತ ಕೂತ ಗೆಳೆಯರಿಗೆಲ್ಲ ಓದಿ ಹೇಳಿ, ಹಬೆಗೆ ಒದ್ದೆ ಮಾಡಿಕೊಂಡು ಬಂದ. ಅರ್ಥವಾಗದಿದ್ದರೂ ಅವರೆಲ್ಲ ಚಪ್ಪಾಳೆ ತಟ್ಟಿದರಂತೆ.

ಕಳೆದ ಬೇಸಿಗೆಯಲ್ಲಿ ಸಹೋದ್ಯೋಗಿ ಗ್ವೆಂಡಾ ಒಂದು ಫೋಟೋ ಕೇಳಿದಳು. "ಹೊಸದಾಗಿ ವಿಲ್ಲೋಗೆ ಬಂದಿರೋ ನಿನ್ನ ಹುಳ ಎಲೆ ತಿಂತಿರೋ ಫೋಟೋ ಕೊಡೇ, ನಾಳಿದ್ದು ಪಾಠಕ್ಕೆ ಬೇಕು."

ಇದೇನು ಮಹಾ ಎಂದು ಐಲಿ ಆಚೆ ದಡದಿಂದ ಹುಳು ತರಿಸಿ, ಡಬ್ಬಿಗೆ ಹಾಕಿ, ವಿಲ್ಲೋ ಎಲೆ ಇಟ್ಟಳು. ತಿನ್ನಲಿಲ್ಲ. ಎಳೆಯ ಎಲೆ ಇಟ್ಟಳು, ತಿನ್ನಲಿಲ್ಲ. ನೀರು ಚಿಮುಕಿಸಿದಳು, ಡಬ್ಬಿ ಬದಲಿಸಿದಳು, ಕಿಟಕಿಯ ಹತ್ತಿರ ಇಟ್ಟಳು, ಬೈದಳು. ಹುಳುಗಳು ಎಲೆಯ ಮೇಲೆ ಹಾಯಾಗಿ ಕೂತವು, ಓಡಾಡಿದವು, ಜೊತೆಗೂಡಿದವು. ತಿನ್ನುವ ಮಾತೇ ಇಲ್ಲ.

"ತಿನ್ರೋ ದರಿದ್ರಗಳಾ!" ಎಂದು ಅವಳು ಕೂಗಿದ್ದು ಹೊರಗೆ ಓಣಿಯವರೆಗೂ ಕೇಳಿತು.

ಎರಡು ಹುಳು ಸತ್ತ ಮೇಲೆ ಅವಳಿಗೆ ಸಂಶಯ ಬಂತು. ಹೊರಗೆ ಹೋಗಿ ಒಂದು ಆಲ್ಡರ್ ಎಲೆ ಕಿತ್ತು ತಂದು ಒಳಗಿಟ್ಟಳು. ಉಳಿದವು ಮದುವೆ ಊಟದ ಎರಡನೇ ಪಂಕ್ತಿಗೆ ಕಾದವರ ಹಾಗೆ ಅದರ ಮೇಲೆ ಬಿದ್ದವು. ಸ್ವಲ್ಪ ಹೊತ್ತಿಗೆಲ್ಲ ಎಲೆಯಲ್ಲಿ ಬರೀ ನರಗಳು ಉಳಿದವು.

ಬೇರೆ ದಡಗಳ ಇಂಥದೇ ಹುಳುಗಳಿಗೂ ಹೀಗೇ ಇಟ್ಟು ನೋಡಿದಳು, ಫಲ ಬದಲಾಗಲಿಲ್ಲ. ಆಲ್ಡರ್ ತಿಂದು ಹೊಟ್ಟೆ ತುಂಬಿದ ಹುಳುಗಳು ಪಕ್ಕದ ವಿಲ್ಲೋ ಮೇಲೆ ಬಿಸಿಲು ಕಾಯಲು ಕೂತಿದ್ದವು, ಅಷ್ಟೇ. ಬಳಗ ಎರಡಾಗಿರಲಿಲ್ಲ, ಆಗುವ ಸೂಚನೆಯೂ ಇರಲಿಲ್ಲ.

ಅಂದು ಮನೆಯಲ್ಲಿ ಅರ್ವಿದ್ ಅಡುಗೆಮನೆಯ ಮೇಜಿನ ಮೇಲೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸುವ ಪಾಸ್ಟಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದ. ಐಲಿ ಕೋಟು ಬಿಚ್ಚದೆಯೇ ಕೇಳಿದಳು.

"ಅವತ್ತು ಕಚ್ಚಿದ್ದು ನೋಡಿದ್ಯಾ, ಇಲ್ವಾ?"

ಲಟ್ಟಣಿಗೆ ನಿಂತಿತು. "ಎಲೆಯಲ್ಲಿ ತೂತಿತ್ತು ಐಲಿ."

"ತೂತು ನೂರು ಹುಳ ಮಾಡತ್ತೆ! ಈ ಹುಳ ಕಚ್ಚಿದ್ದು ನೋಡಿದ್ಯಾ?"

"ಕೂತಿತ್ತು. ಕೂತ್ಮೇಲೆ ತಿಂದೇ ತಿನ್ನತ್ತೆ ಅಂದ್ಕೊಂಡೆ."

"ಅಂದ್ಕೊಂಡ್ಯಾ? ನೋಡ್ದೆ ಅಂದ್ಯಲ್ಲೋ ನನ್ಹತ್ರ! ಎರಡೆರಡು ಸಲ ಕೇಳಿದ್ನಲ್ಲೋ!"

ಅರ್ವಿದ್ ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಂಡ. "ನೀನು ಎದ್ದು ನಿಂತಿದ್ದೆ. ಮುಖ ಅರಳಿತ್ತು. ಇಲ್ಲ ಅನ್ನೋಕೆ ನನ್ನಿಂದ ಆಗ್ಲಿಲ್ಲ."

ಐಲಿಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಬಾಯಿಗೆ ಬಂತು. ಜೀವಮಾನದಲ್ಲಿ ಒಂದೇ ಒಂದು ಸಲ ತನ್ನನ್ನು ಖುಷಿಪಡಿಸಬೇಕೆಂದು ಹೊರಟು ಈ ಮನುಷ್ಯ ಮಾಡಿದ್ದು ಇದೇ ಕೆಲಸವೇ ಎಂದು ಕೂಗಾಡಿದಳು. ಊರಿಗೆಲ್ಲ ನಿಯಮ ಹೇಳಿದವಳು ತಾನು, ಸ್ವಂತ ಅಡುಗೆಮನೆಯಲ್ಲೇ ಮುಗ್ಗರಿಸಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು. ಅವನು ಎಲ್ಲವನ್ನೂ ಒಪ್ಪಿಕೊಂಡ. ಎದುರು ಹೇಳಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ದಿನ ಪ್ರಬಂಧವನ್ನು ಹಿಂದಕ್ಕೆ ಪಡೆಯಲು ನಾಲ್ಕು ಸಾಲು ಬರೆದಳು. 'ಹುಳು ತಿನ್ನುವುದನ್ನು ಯಾರೂ ಕಂಡಿರಲಿಲ್ಲ' ಎಂದು ಹಾಕಿದಳು. ಹೆಸರು ಹಾಕಲಿಲ್ಲ. ಅರ್ವಿದ್ ಕನ್ನಡಕ ಏರಿಸಿ ಓದಿದ.

"ಯಾರೂ ಅಂದ್ರೆ ಯಾರು? ನನ್ನ ಹೆಸರು ಹಾಕು. ಹೋದ ಸಲ ಹಾಕಿದ್ಯಲ್ಲ, ಈ ಸಲಾನೂ ಹಾಕು."

"ಸೌನಾದಲ್ಲಿ ಓದ್ತೀಯಾ ಇದನ್ನೂ?"

"ಓದ್ತೀನಿ."

ಹಾಕಿದಳು. ಅವನು ನಿಜಕ್ಕೂ ಓದಿದ. ಈ ಸಲ ಗೆಳೆಯರಿಗೆ ಚೆನ್ನಾಗಿ ಅರ್ಥವಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಹಬೆಗೆಂದು ಕಾದ ಕಲ್ಲಿನ ಮೇಲೆ ನೀರು ಹೊಯ್ದರು.

ಆಮೇಲೆ ಒಂದು ಸಂಜೆ ಅವನೇ ಕೇಳಿದ. "ಮುಂದಿನ ಬೇಸಿಗೆಗೆ ಹುಳ ತರ್ಲಾ?"

ಗಂಡ ಎಂದು ನೋಡಿದರೆ ಐಲಿ ಹೌದು ಎನ್ನಬೇಕು. ಹುಳುವಿನ ವಿಷಯದಲ್ಲಿ ಹಾಗೆನ್ನಲು ಬರುವುದಿಲ್ಲ.

"ಬೇಡ," ಎಂದಳು. ಅವನು ತಲೆ ಆಡಿಸಿ, ಬಲೆಯನ್ನು ತೊಳೆದು ಒಣಗಿಸಿ ಅವಳ ಕೋಣೆಯಲ್ಲಿ ಇಟ್ಟುಬಂದ.

ಈ ಬೇಸಿಗೆ ಅವಳೇ ಹೋಗುತ್ತಾಳೆ. ಮರ ಸಾಗಿಸುವ ಆ ಹಾಳು ರಸ್ತೆಯಲ್ಲಿ ಗಾಡಿ ಓಡಿಸಲು ಅವಳಿಗೆ ಬಾರದ್ದರಿಂದ ಅರ್ವಿದ್ ಓಡಿಸುತ್ತಾನೆ. ಇಳಿಯುವುದಿಲ್ಲ. ಕಿಟಕಿ ಇಳಿಸಿ, ಕಾಫಿ ಕುಡಿಯುತ್ತ ಕೂರುತ್ತಾನೆ. ಮೊನ್ನೆ ಅವಳು ಸೊಳ್ಳೆಗಳಿಗೆ ರಕ್ತ ದಾನ ಮಾಡುತ್ತ ಒಂದು ವಿಲ್ಲೋ ಮುಂದೆ ಮಧ್ಯಾಹ್ನವಿಡೀ ಕೂತಳು. ಕೊನೆಗೆ ಒಂದು ಹುಳು ತಲೆ ತಗ್ಗಿಸಿ ಎಲೆಯ ಅಂಚನ್ನು ಕಚ್ಚತೊಡಗಿತು. ಯಾವ ಮನೆತನದ್ದೋ ಏನೋ, ಕಾಲು ಅರೆದ ಮೇಲೆ ತಿಳಿಯಬೇಕು. ಆದರೆ ಕಚ್ಚುತ್ತಿದ್ದುದಂತೂ ನಿಜ. ಐಲಿಗೆ ತಡೆಯಲಾಗಲಿಲ್ಲ.

"ಅರ್ವಿದ್! ಬಾರೋ ಇಲ್ಲಿ, ಬೇಗ! ಕಚ್ತಿದೆ, ನೋಡು ಬಾ!"

ಅವನು ಗಾಡಿಯಿಂದಲೇ ಕೈ ಬೀಸಿದ.

"ನೀನೇ ನೋಡೇ. ನಾನು ನೋಡಿದ್ರೆ ಅದು ಲೆಕ್ಕಕ್ಕಿಲ್ಲ."

ಚುಚ್ಚಲೆಂದು ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ. ಐಲಿ ಮತ್ತೆ ಎಲೆಯ ಕಡೆ ತಿರುಗಿ, ಕಣ್ಣು ಒರೆಸಿಕೊಂಡು, ಒಬ್ಬಳೇ ನೋಡುತ್ತ ಕೂತಳು.